ಲುವಾ ಅಜ್ಜಿಯ ಗುಮಾನಿ

ತೀರಿಹೋದ ಹಿರಿಯರ ಪೂಜಾಪೀಠದಿಂದ ಹಾನ್ ಥಟ್ಟನೆ ಕೈ ಹಿಂತೆಗೆದದ್ದನ್ನು ಕಂಡದ್ದೇ ಲುವಾ ಅಜ್ಜಿ ಅವಳ ಮಣಿಕಟ್ಟು ಹಿಡಿದಳು. ಬೆನ್ನಿಗೊಂದು ಚೀಲ ಏರಿಸಿಕೊಂಡು, ಹಳ್ಳಿಯ ಬಾಳು ನೋಡುತ್ತೇನೆಂದು ಸೈಗಾನ್‌ನಿಂದ ಬಂದಿಳಿದ ಹುಡುಗಿ. ಬಂದಾಗಿನಿಂದ ಇವಳ ಕಣ್ಣು ಪೀಠದ ಮೇಲಿನ ಬೆಳ್ಳಿ ಬಳೆಯ ಮೇಲೇ ಇದೆಯೆಂದು ಅಜ್ಜಿಗೆ ಗುಮಾನಿ.

“ಮುಷ್ಟಿ ಬಿಚ್ಚು, ಸೈಗಾನಮ್ಮ. ನಮ್ಮತ್ತೆ ಬಳೆ ಅದು.”

ಹಾನ್ ತುಟಿ ಕಚ್ಚಿಕೊಂಡು ನಿಂತಳೇ ಹೊರತು ಬಿಚ್ಚಲಿಲ್ಲ. ಅಜ್ಜಿಯೇ ಒಂದೊಂದಾಗಿ ಬೆರಳು ಬಿಡಿಸಿದಳು. ಒಳಗೆ ಬೂದಿ, ಮುರಿದ ಊದುಬತ್ತಿ, ಕೆಂಪಗೆ ಎದ್ದ ಬೊಬ್ಬೆ. ತಲೆಯೆತ್ತಿ ನೋಡಿದರೆ ಬಳೆ ಇದ್ದಲ್ಲೇ ಇತ್ತು; ಪಕ್ಕದಲ್ಲಿ ಅಜ್ಜಿಯ ಗಂಡನ ಫೋಟೊದ ಅಂಚು ಸುಟ್ಟು ಹೊಗೆಯಾಡುತ್ತಿತ್ತು.

“ಬೆಂಕಿ ಹತ್ತಿದ್ರೆ ಕೂಗ್ಬಾರ್ದಿತ್ತಾ, ಪೆದ್ದಿ?”

“ಹಿರಿಯರ ಮುಂದೆ ದನಿ ಎತ್ಬೇಡ ಅಂತ ಬೆಳಿಗ್ಗೆ ನೀವೇ ಬೈದ್ರಲ್ಲ, ಅಜ್ಜಿ.”

ಅಜ್ಜಿ ಹುಡುಗಿಯನ್ನು ಹಂಡೆಯ ಬಳಿ ಕೂರಿಸಿ, ಆ ಅಂಗೈಗೆ ತಣ್ಣೀರು ಹುಯ್ಯತೊಡಗಿದಳು.