ತಳ ಸವೆದ ಡಬರಿ

"ಅಲ್ಯೂಮಿನಿ ಡಬರಿಗೆ ಸೋಡ ಹಾಕಿ ಉಜ್ಜಬ್ಯಾಡ ಕಣೇ, ತಳ ತಿಂದಾಕ್ತದೆ ಅಂತ ಎಷ್ಟ್ ಸಲ ಯೇಳ್ಲಿ?" ಹಿತ್ತಲ ಕಲ್ಲಿನ ಮೇಲೆ ಕೂತಿದ್ದ ಸರಸಮ್ಮ ಮಗಳನ್ನು ಗದರಿದಳು. "ಆಗ್ಲೇ ತೂತ ಬಿದ್ದದೆ. ಹಳೇ ಪಾತ್ರೆಯೋನು ಬಂದಾಗ ಹಾಕ್ಬುಡು ಅತ್ಲಾಗೆ."

"ಸೋಡ ಅಲ್ಲ ಕಣವ್ವ, ಹುಣಸೇಹಣ್ಣು." ನೇತ್ರಾವತಿ ನಾರು ತಿರುಗಿಸಿ ಉಜ್ಜಿದಳು. "ಇದ್ರಿಂದ ಇನ್ನೂ ಒಂದು ಕೆಲ್ಸ ಆಗ್ಬೇಕು."

ಆ ಡಬರಿಯಲ್ಲೇ ಅವಳ ಬಾಳು ಒಮ್ಮೆ ಉಕ್ಕಿತ್ತು. ಏಳು ವರ್ಷದ ಹಿಂದಿನ ಮಾತು. ಆಗ ಅವಳು ಹಾಸನದಲ್ಲಿ, ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಸಂಶೋಧನೆಗೆ ಸೇರಿದ್ದಳು. ಸಾಲಗಾಮೆಯ ಹೊಲಗಳಲ್ಲಿ ಕೊಳೆತು ತಿಪ್ಪೆ ಸೇರುವ ಆಲೂಗಡ್ಡೆಯಿಂದ ಜಲಜನಕ ತೆಗೆಯಬೇಕು, ಹೊಗೆಯಿಲ್ಲದ ಒಲೆ ಉರಿಸಬೇಕು ಎಂಬ ಹಟ. ಪ್ರಯೋಗಾಲಯದಲ್ಲಿ ಒಳ್ಳೆಯ ಪಾತ್ರೆಯಿರಲಿಲ್ಲ. ಅವ್ವನ ಡಬರಿಯನ್ನೇ ಹೊತ್ತೊಯ್ದಳು. ಗಡ್ಡೆ ಅರೆದು, ಹುಳಿಯಾಗದಿರಲೆಂದು ಕಾಸ್ಟಿಕ್ ಸೋಡ ಕಲಸಿ, ಮುಚ್ಚಳ ಬಿಗಿದರೆ ಕೊಳವೆಯ ತುದಿಯಲ್ಲಿ ಗುಳುಗುಳು. ಕಡ್ಡಿ ಗೀರಿ ಹಿಡಿದರೆ ಪಟ್ಟೆಂದು ಹತ್ತಿಕೊಳ್ಳುತ್ತಿತ್ತು.

ಮಾರ್ಗದರ್ಶಕರು ಪ್ರೊಫೆಸರ್ ತಿರುನಾರಾಯಣ. ಎಂಜಿನ್ನುಗಳ ವಿಷಯದಲ್ಲಿ ಪಂಡಿತರು. "ಬರೆದದ್ದೆಲ್ಲ ಕೊಡಮ್ಮ, ತಿದ್ದಿಕೊಡ್ತೀನಿ," ಎಂದು ಇಸಿದುಕೊಂಡರು. ತಿದ್ದಿ ಅಚ್ಚಾಗಿ ಬಂದಾಗ ಮೇಲೆ ಅವರ ಹೆಸರು, ಕೆಳಗೆ ಅವರ ತಂಗಿಯ ಮಗ ಆತ್ರೇಯನ ಹೆಸರು. ಅಷ್ಟೇ. ಕೇಳಲು ಹೋದ ನೇತ್ರಾವತಿಗೆ ಹತ್ತು ಜನರ ಮುಂದೆ ಉತ್ತರ ಸಿಕ್ಕಿತು: "ಗಡ್ಡೆ ತೊಳೆದೋರ ಹೆಸರೆಲ್ಲ ಹಾಕಕ್ಕಾಗತ್ತೇನಮ್ಮ?"

ಹತ್ತು ಜನರೂ ನಕ್ಕರು.

ಅವಳು ಡಬರಿ ಎತ್ತಿಕೊಂಡು ಮನೆಗೆ ಬಂದಳು. ಚನ್ನರಾಯಪಟ್ಟಣದ ಹೈಸ್ಕೂಲೊಂದರಲ್ಲಿ ಮೇಡಮ್ಮಾದಳು. ಆ ತಿಂಗಳೇ ಹಿತ್ತಲಲ್ಲಿ ಅದೇ ಡಬರಿಯಿಟ್ಟು ಪ್ರಯೋಗವನ್ನು ಇನ್ನೊಮ್ಮೆ ಮಾಡಿ ನೋಡಿ, ಕುಲಪತಿಗಳಿಗೊಂದು ಕಾಗದ ಬರೆದು, ಲಕೋಟೆಗೆ ಅಂಟು ಹಚ್ಚಿ, ಡಬರಿಯೊಳಗಿಟ್ಟು ಅಟ್ಟಕ್ಕೇರಿಸಿದಳು.

"ಕಳ್ಳ ಅಂತ ಬರ್ದು ಮಡಿಕಂಡು ಏನ್ ಪೂಜೆ ಮಾಡ್ತೀಯಾ? ಪೋಸ್ಟ್ ಡಬ್ಬಕ್ಕೆ ಹಾಕೇ," ಎಂದು ಸರಸಮ್ಮ ಪ್ರತಿ ಯುಗಾದಿಗೂ ಹೇಳುವಳು.

"ಕಾಯಿ ಕಿತ್ರೆ ಒಗರು. ಹಣ್ಣಾಗ್ಲಿ ಇರವ್ವ."

ತಿರುನಾರಾಯಣರು ಮಾತ್ರ ಏರುತ್ತಲೇ ಹೋದರು. ಸನ್ಮಾನ, ಶಾಲು, ಪತ್ರಿಕೆಯಲ್ಲಿ ಫೋಟೊ. ಹಾಸನಕ್ಕೆ ದೊಡ್ಡ ಜಲಜನಕ ಘಟಕವೇ ಮಂಜೂರಾಯಿತು. ಅದು ಉರಿದರೆ ಇಂಧನ ಕೇಂದ್ರದ ನಿರ್ದೇಶಕರ ಕುರ್ಚಿ ಅವರದೇ ಎಂದು ಎಲ್ಲರಿಗೂ ಗೊತ್ತಿತ್ತು.

ಅಂಥ ಹೊತ್ತಿನಲ್ಲಿ, ಕೆಲವು ತಿಂಗಳ ಹಿಂದೆ ಒಂದು ಭಾನುವಾರ, ಅವರ ಕಾರು ಸಾಲಗಾಮೆಯ ಈ ಮನೆಯ ಮುಂದೆ ನಿಂತಿತ್ತು.

"ಸ್ಟೀಲ್ ಟ್ಯಾಂಕ್ ಮಾಡಿಸಿದೀವಮ್ಮ. ಏನು ಮಾಡಿದ್ರೂ ಗ್ಯಾಸ್ ಏಳ್ತಿಲ್ಲ," ಎಂದರು, ಕಾಫಿ ಲೋಟ ಮುಟ್ಟದೆ. "ನೀನೇನೋ ಮುಚ್ಚಿಟ್ಟಿದೀಯ."

"ಮುಚ್ಚಿಟ್ಟಿಲ್ಲ ಸರ್. ಯಾವ ಪಾತ್ರೆ ಅಂತ ನೀವು ಕೇಳ್ಲಿಲ್ಲ. ಅಲ್ಯೂಮಿನಿಯಂ ಟ್ಯಾಂಕ್ ಮಾಡಿಸಿ. ಸೋಡ ಧಾರಾಳವಾಗಿ ಹಾಕಿ."

"ಅಷ್ಟೇನಾ?"

"ಅಷ್ಟೇ ಸರ್."

ಅವರ ಮುಖಕ್ಕೆ ಕಳೆ ಬಂತು. ಕಾಫಿಯನ್ನೂ ಕುಡಿದರು. "ವರದಿಯಲ್ಲಿ ನಿನ್ನ ಹೆಸರನ್ನೂ ಎಲ್ಲಾದರೂ ಒಂದು ಕಡೆ ಸೇರಿಸೋಣ ಬಿಡು."

"ಬೇಡ ಸರ್. ಎಲ್ಲಾ ನಿಮ್ಮದೇ ಅಂತ ವೇದಿಕೆ ಮೇಲೆ ನಿಂತು ಹೇಳಿ. ನನಗಷ್ಟು ಸಾಕು."

ಕಾರು ತಿರುವು ದಾಟುವ ಮೊದಲೇ ಸರಸಮ್ಮ ಹಣೆ ಚಚ್ಚಿಕೊಂಡಿದ್ದಳು. "ಥೂ ನಿನ್ನ! ಕದ್ದೋನ್ಗೆ ಬೀಗದ ಕೈನೂ ಕೊಟ್ಟು ಕಳ್ಸಿದ್ಯಲ್ಲೇ!"

ನೇತ್ರಾವತಿ ಕಾಫಿ ಲೋಟ ತೊಳೆದಿಟ್ಟಿದ್ದಳು, ಅಷ್ಟೇ.

ಉದ್ಘಾಟನೆ ನಡೆದದ್ದು ನಿನ್ನೆ. ಹೊಸ ಟ್ಯಾಂಕು ಬಿಸಿಲಿಗೆ ಥಳಥಳಿಸುತ್ತಿತ್ತು. ಅವಳು ಹಿಂದಿನ ಸಾಲಿನಲ್ಲಿ ಕೂತಿದ್ದಳು. ಜಲಜನಕದ ಜ್ವಾಲೆ ಹಗಲಲ್ಲಿ ಕಣ್ಣಿಗೆ ಕಾಣುವುದಿಲ್ಲ. ಏನಾದರೂ ಹತ್ತಿಕೊಂಡ ಮೇಲೇ ಉರಿ ಇತ್ತೆಂದು ತಿಳಿಯುವುದು. ಪ್ರೊಫೆಸರರು ಕೊಳವೆಯನ್ನು ದೀಪದ ಬತ್ತಿಗೆ ಹಿಡಿದರು. ಬತ್ತಿ ಹೊತ್ತಿತು. ಚಪ್ಪಾಳೆ. "ಇದರಲ್ಲಿ ಇನ್ನೊಬ್ಬರ ಪಾಲು ಎಳ್ಳಷ್ಟೂ ಇಲ್ಲ. ಮೊದಲ ಪ್ರಯೋಗದಿಂದ ಈ ದೀಪದವರೆಗೆ ಎಲ್ಲ ನನ್ನೊಬ್ಬನದೇ," ಎಂದರು ಮೈಕಿನಲ್ಲಿ. ಪತ್ರಿಕೆಯವರು ಬರೆದುಕೊಂಡರು.

ನೇತ್ರಾವತಿಯೂ ಚಪ್ಪಾಳೆ ತಟ್ಟಿದ್ದಳು. ಅಂಗೈ ಉರಿಯುವಷ್ಟು.

ಈಗ ಅವಳು ಡಬರಿಯನ್ನು ಒರೆಸಿ, ಬೆಳಕಿಗೆ ಎತ್ತಿ ಹಿಡಿದಳು. ತಳದಲ್ಲಿ ಸಾಸಿವೆಯಂಥ ತೂತುಗಳಿಂದ ಬಿಸಿಲು ಇಳಿಯಿತು. ಲಕೋಟೆಯನ್ನು ಅದರೊಳಗಿಟ್ಟು, ಬಟ್ಟೆ ಸುತ್ತಿ ಹೊಲಿದಳು. ಮಧ್ಯಾಹ್ನದ ಬಸ್ಸಿಗೆ ತಾಯಿ ಮಗಳು ಹಾಸನದ ಅಂಚೆ ಕಚೇರಿಗೆ ಹೋದರು.

"ಕುಲಪತಿಗಳಿಗಾ? ಒಳಗೇನಿದೆ ಮೇಡಂ?" ಗುಮಾಸ್ತ ಗಂಟನ್ನು ತಕ್ಕಡಿಗಿಟ್ಟ.

"ಒಂದು ಡಬರಿ, ಒಂದು ಕಾಗದ."

ಸರಸಮ್ಮ ಮಗಳ ಕಿವಿಯ ಹತ್ತಿರ ಬಂದಳು. "ಕಳ್ಳ ಅಂತ ದಪ್ಪಕ್ಷರದಾಗೆ ಬರ್ದಿದ್ದೀಯೇನೇ?"

"ಎಲ್ಲೂ ಬರ್ದಿಲ್ಲ ಕಣವ್ವ. ಎಲ್ಲಾ ಅವರದೇ ಅಂತ ನಿನ್ನೆ ಅವರೇ ಹೇಳ್ಲಿಲ್ವಾ?"

"ಮತ್ತಿನ್ನೇನೇ ಬರ್ದಿದ್ದೀಯಾ?"

ಗುಮಾಸ್ತನ ಮುದ್ರೆ ದಪ್ಪೆಂದು ಬಿತ್ತು. ಗಂಟು ಒಳಕ್ಕೆ ಹೋಯಿತು. ಅದು ಕಣ್ಮರೆಯಾಗುವವರೆಗೂ ನೋಡಿ, ನೇತ್ರಾವತಿ ಏಳು ವರ್ಷದಲ್ಲಿ ಮೊದಲ ಸಲ ಬಾಯ್ತುಂಬ ನಕ್ಕಳು.

"ಒಂದೂ ಗಡ್ಡೆ ಹಾಕದೆ, ಬರೀ ಸೋಡದ ನೀರು ತುಂಬಿದ್ರೂ ಅಷ್ಟೇ ಗ್ಯಾಸ್ ಬರ್ತದೆ ಅಂತ. ಅದು ಆಲೂಗಡ್ಡೆ ಕೊಟ್ಟಿದ್ದಲ್ಲವ್ವ, ಸೋಡ ನಿನ್ನ ಡಬರಿ ತಿಂದು ಕಕ್ಕಿದ್ದು. ಅವರು ಕದ್ದಿದ್ದು ನನ್ನ ತಪ್ಪನ್ನ."