ಬಿಡದ ಕೈ

ರೆಫರಿ ಆಟಗಾರ್ತಿಯರ ಉಗುರು ನೋಡುತ್ತಿದ್ದರು. ಕಬಡ್ಡಿಯಲ್ಲಿ ಅದು ರೂಢಿ; ಉಗುರು ಬೆಳೆದಿದ್ದರೆ ಅಂಗಳಕ್ಕೆ ಬಿಡುವುದಿಲ್ಲ. ಬಳೆ, ತಾಳಿ ಎಲ್ಲ ಬಿಚ್ಚಿ ಕೋಚ್ ಬಸವಂತಪ್ಪನ ಕರವಸ್ತ್ರದಲ್ಲಿ ಗಂಟು ಕಟ್ಟಿಯಾಗಿತ್ತು. ಲಾವಣ್ಯಾಳ ಸರದಿ ಬಂದಾಗ ಶೈಲಾ ಹಿಂದಿನಿಂದ ಹೇಳಿದಳು:

"ಸರ್, ಆಕಿ ಕೈಯಾಗಿನ ಉಗುರು ಏನ್ ನೋಡ್ತೀರಿ? ಹೊಟ್ಟ್ಯಾಗ ಬೆಳದಾವಲ್ಲ, ಅವನ್ನ ನೋಡ್ರಿ."

ಲಾವಣ್ಯಾ ತಿರುಗಲೂ ಇಲ್ಲ. "ಹೊಟ್ಟೆ ಉರಿತಾ ಇರೋದು ನಿಮ್ದು, ಶೈಲಕ್ಕಾ. ಮಜ್ಜಿಗೆ ಕುಡೀರಿ ನಾ, ಸ್ಟಾಲ್ ಅಲ್ಲೇ ಇದೆ."

"ಏ, ಬಾಯಿ ಮುಚ್ಚ್ರೆ ಇಬ್ರೂ!" ಬಸವಂತಪ್ಪ ಗದರಿದ. "ಗೋರೆಗಾಂವ್‌ನವ್ರು ಕೇಳಿ ನಗಾಕತ್ತಾರ."

ಉರಿಯದೆ ಏನು ಮಾಡೀತು? ಕನ್ನಡ ಸಂಘಗಳ ಈ ಮಹಿಳಾ ಕಪ್ಪಿಗಾಗಿ ಸಯನ್ ತಂಡದ ನಾಯಕಿಯಾಗಿ ಶೈಲಾ ವರ್ಷವರ್ಷವೂ ಮೊಣಕಾಲು ಕಿತ್ತುಕೊಂಡವಳು. ಹೋದ ವರ್ಷದ ಫೈನಲ್‌ನಲ್ಲಿ ಇದೇ ಲಾವಣ್ಯಾ ಗೋರೆಗಾಂವ್ ಪರ ಆಡಿ, ಕೊನೆಯ ರೇಡಿನಲ್ಲಿ ಬೇರೆ ಯಾರನ್ನೂ ಅಲ್ಲ, ಶೈಲಾಳನ್ನೇ ಮುಟ್ಟಿ ಕಪ್ ಒಯ್ದಿದ್ದಳು. ಈ ವರ್ಷ ಸಯನ್ನಿಗೆ ಸೊಸೆಯಾಗಿ ಬಂದಳು. ಮೈಮೇಲಿನ ಅರಿಶಿನ ಆರುವ ಮೊದಲೇ ಬಸವಂತಪ್ಪ ಅವಳನ್ನೇ ನಾಯಕಿ ಮಾಡಿದ. ಇವತ್ತು ಫೈನಲ್, ಎದುರಿಗೆ ಅದೇ ಗೋರೆಗಾಂವ್. ಸೋತರೆ ಕಪ್ ಇಲ್ಲ. ಗೆದ್ದರೆ ಅದನ್ನು ಎತ್ತುವವಳು ಅವಳು. ಶೈಲಾಳ ಬಾಯಲ್ಲಿ ಬಿಸಿತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ.

ಆಟ ಮುಗಿಯಲು ಸ್ವಲ್ಪವೇ ಹೊತ್ತು ಉಳಿದಾಗ ಸಯನ್ ಒಂದು ಅಂಕ ಹಿಂದಿತ್ತು. ಶೈಲಾ ಔಟಾಗಿ ಗೆರೆಯಾಚೆ ಕೂತಿದ್ದಳು. ಕಬಡ್ಡಿಯ ನಿಯಮಕ್ಕೆ ಕರುಣೆ ಕಡಿಮೆ. ನಮ್ಮ ರೇಡರ್ ಎದುರಾಳಿಯನ್ನು ಮುಟ್ಟಿ ಬಂದರೆ ಹೊರಗೆ ಸತ್ತು ಕೂತವಳಿಗೆ ಜೀವ. ಬರೀ ಬೋನಸ್ ಗೆರೆ ದಾಟಿ ಬಂದರೆ ಅಂಕ ಸಿಗುತ್ತದೆ, ಜೀವ ಬರುವುದಿಲ್ಲ. ಲಾವಣ್ಯಾ ಹೋದಳು, ಬೋನಸ್ ಗೆರೆ ದಾಟಿದಳು, ಯಾರನ್ನೂ ಮುಟ್ಟದೆ ಬಂದಳು. ಅಂಕ ಸಮ. ಪರೇಲಿನ ಮೈದಾನವೆಲ್ಲ ಸೀಟಿ.

"ನೋಡಿದ್ರಿ ಸರ್? ಬೇಕಂತನ ಮುಟ್ಟಲಿಲ್ಲ. ನಾ ಇಲ್ಲೇ ಹೆಣ ಆಗಿ ಕುಂದರ್ಲಿ ಅಂತ!"

"ಅಂಕ ತಂದಾಳವಾ."

"ನಾ ಒಳಗ ಇದ್ದಿದ್ರ ನಾನೂ ತರ್ತಿದ್ದೆ."

"ಇದ್ದಿದ್ರ! ನಮ್ಮತ್ತಿಗೆ ಮೀಸಿ ಬಂದಿದ್ರ ನಮ್ಮ ಮಾವ ಅಂತಿದ್ದೆ. ಸುಮ್ನ ಕುಂದ್ರು."

ಗೋರೆಗಾಂವ್‌ನ ರೇಡ್ ಬರಿಗೈಯಲ್ಲಿ ಮುಗಿಯಿತು. ಲಾವಣ್ಯಾ ಮತ್ತೆ ಹೋದಳು. 'ಬೀಳು, ಬೀಳು' ಎಂದು ಶೈಲಾ ಒಳಗೊಳಗೇ ಹಲ್ಲು ಕಡಿಯುತ್ತಿದ್ದಳು. ಆದರೆ ಲಾವಣ್ಯಾ ಕಾಲು ಬೀಸಿ ಒಬ್ಬಳ ಮಂಡಿ ಸವರಿ ಮರಳಿದ ಕ್ಷಣ, ಶೈಲಾಳ ಕಾಲುಗಳು ಅವಳನ್ನು ಕೇಳದೆಯೇ ಎದ್ದು ಅಂಗಳಕ್ಕೆ ಓಡಿದವು. ಸಯನ್ ಒಂದು ಅಂಕ ಮುಂದೆ.

"ಬನ್ನಿ ಅಕ್ಕಾ," ಲಾವಣ್ಯಾ ಏದುತ್ತ ಅಂದಳು. "ಹೊರಗೆ ಕೂತು ಶಾಪ ಹಾಕಿದ್ದು ಬಸ್ ಆಯ್ತು. ಆ ಲಂಬೂನ ಹಿಡಿಯೋದು ನಂಗೆ ಒಬ್ಳಿಗೆ ಜಮಲ್ಲ."

"ನಿನಗ ಬರಂಗಿಲ್ಲ ಅಂತ ಬಾಯಿಬಿಟ್ಟು ಹೇಳಿದ್ಯಲ್ಲ, ಇವತ್ತಿಗೆ ಅಷ್ಟು ಸಾಕು."

ಕೊನೆಯ ರೇಡ್. ಗೋರೆಗಾಂವ್‌ನ ಆ ಎತ್ತರದ ಹುಡುಗಿ ನಗುತ್ತಲೇ ಬಂದಳು. ಮೂಲೆಯಲ್ಲಿ ಶೈಲಾ, ಪಕ್ಕದಲ್ಲಿ ಲಾವಣ್ಯಾ, ಒಬ್ಬರ ಮಣಿಕಟ್ಟು ಇನ್ನೊಬ್ಬರ ಮುಷ್ಟಿಯಲ್ಲಿ. ಲಂಬೂ ಶೈಲಾಳ ಹೆಗಲು ಮುಟ್ಟಿದವಳೇ ಗಕ್ಕನೆ ತಿರುಗಿ, ಇಬ್ಬರ ಕೈಗಳ ನಡುವೆಯೇ ಎದೆಯೊಡ್ಡಿ ನುಗ್ಗಿದಳು. ಕೈ ಬಿಚ್ಚಿದರೆ ಅವಳು ಪಾರು, ಇವರಿಬ್ಬರೂ ಔಟ್, ಗೋರೆಗಾಂವ್‌ಗೆ ಎರಡು ಅಂಕ. ಬಿಟ್ಟರೆ ಸಾಕು, ಈ ಲಾವಣ್ಯಾ ಇವತ್ತು ಕಪ್ ಎತ್ತುವುದಿಲ್ಲ ಎಂಬುದು ಶೈಲಾಳಿಗೆ ಮಿಂಚಿನಂತೆ ಹೊಳೆಯಿತು. ಅದರ ಬೆನ್ನಿಗೇ ಇನ್ನೊಂದು ಹೊಳೆಯಿತು: ನಾಳೆ ಇಡೀ ಸಯನ್ ಮಾತಾಡುತ್ತದೆ, ಲಾವಣ್ಯಾ ಹಿಡಿದಿದ್ದಳಂತೆ, ಬಿಟ್ಟವಳು ಶೈಲಾ ಅಂತೆ. ಅದು ಮಾತ್ರ ಸಾಧ್ಯವಿಲ್ಲ. ಮೊದಲು ಬಿಡುವವಳು ಲಾವಣ್ಯಾಳೇ ಆಗಲಿ! ಎಲುಬು ಮುರಿಯಲಿ ಎಂಬಂತೆ ಹಿಂಡಿ ಹಿಡಿದಳು. ಮೂವರೂ ಕುಸಿದು ಬಿದ್ದರು. ಸೀಟಿ ಮೊಳಗಿತು.

ಬಹುಮಾನ ಕೊಡಲು ಬಂದಿದ್ದ ರುಕ್ಮಿಣಿಬಾಯಿ ಧಾರವಾಡದವರು, ಮಾತುಗಾರ್ತಿ. ಮೈಕ್ ಸಿಕ್ಕಿದ್ದೇ ತಡ ಶುರು ಮಾಡಿದರು. "ತಂಡ ಗೆಲ್ಲಬೇಕಂದ್ರ ಏನ್ ಬೇಕು? ಶಿಸ್ತು ಬೇಕು, ಶ್ರಮ ಬೇಕು. ಎಲ್ಲಾದಕ್ಕೂ ಮ್ಯಾಲ, ಪ್ರೀತಿ ಬೇಕು! ಈ ಇಬ್ಬರು ಹೆಣ್ಣುಮಕ್ಕಳು ಜೀವ ಹೋದ್ರೂ ಒಬ್ಬರ ಕೈ ಒಬ್ಬರು ಬಿಡಲಿಲ್ಲ ನೋಡ್ರಿ. ಒಡಹುಟ್ಟಿದವರೂ ಹಿಂಗ ಇರೂದಿಲ್ಲ."

ಬಸವಂತಪ್ಪ ಕರವಸ್ತ್ರದ ಗಂಟಿನೊಳಗೆ ಕೆಮ್ಮಿದ.

ಲಾವಣ್ಯಾ ಕಪ್ ಎತ್ತಿದಳು. ಬಳೆಯಿಲ್ಲದ ಅವಳ ಮಣಿಕಟ್ಟಿನ ಮೇಲೆ ನಾಲ್ಕು ಬೆರಳು ಕೆಂಪಗೆ ಮೂಡಿದ್ದವು. ಶೈಲಾಳಿಗೆ ಆ ದಿನ ಮೊದಲ ಸಲ ತುಸು ತಂಪೆನಿಸಿತು. ಅಷ್ಟರಲ್ಲಿ ರುಕ್ಮಿಣಿಬಾಯಿ, "ಏ ಶೈಲಾ, ನೀನೂ ಹಿಡಿಯವಾ ಒಂದು ಹಿಡಿಕಿ, ಫೋಟೋ ತಗೀತಾರ," ಎಂದು ಅವಳನ್ನು ಎಳೆದು ನಿಲ್ಲಿಸಿದರು. ಶೈಲಾ ಕೈ ಮೇಲೆತ್ತಿದಳು. ಅವಳ ಮಣಿಕಟ್ಟಿನ ಮೇಲೂ ಗುರುತುಗಳಿದ್ದವು. ನಾಲ್ಕು ಬೆರಳು, ಜೊತೆಗೆ ಹೆಬ್ಬೆರಳೂ.

ಇದರಲ್ಲೂ ಲಾವಣ್ಯಾಳದೇ ಒಂದು ಹೆಚ್ಚು.