ಖಾಲಿ ಹೊಸ್ತಿಲಿಗೆ ಪ್ರಶಸ್ತಿ

"ಆ ರೇಷ್ಮೆ ಸೀರೆ ಬೇಡ ಬೋರಕ್ಕಾ," ಎಂದ ನಿರ್ದೇಶಕ ಶಶಿಕಾಂತ್. "ಇದನ್ನು ಉಟ್ಟುಕೊಂಡು ಬನ್ನಿ."

ಅವನ ಕೈಯಲ್ಲಿದ್ದದ್ದು ಬಣ್ಣ ಹೋದ ನೂಲಿನ ಸೀರೆ. ಅಂಚಿನಲ್ಲೊಂದು ತೇಪೆ. ತೇಪೆಯ ದಾರ ಮಾತ್ರ ಹೊಸದು.

"ಈ ರೇಷ್ಮೆ ನನ್ನ ಮಗಳು ಕೊಡ್ಸಿದ್ದು ಕಣಪ್ಪ. ಮೊಳಕಾಲ್ಮೂರು ಸೀರೆ. ಇವತ್ತು ಇದನ್ನೇ ಉಡಬೇಕು ಅಂತ ಮಡಚಿ ಇಟ್ಟಿದ್ದೆ."

"ಗೊತ್ತು. ಆದರೆ ವೇದಿಕೆ ಮೇಲೆ ಜರಿ ಹೊಳೆದರೆ ಜನಕ್ಕೆ ಸಂಕಟ ಆಗಲ್ಲ. ತಲೆಯ ಹೂವನ್ನೂ ತೆಗೆದುಬಿಡಿ."

ಬೋರಕ್ಕ ಅವನ ಮುಖವನ್ನೇ ನೋಡಿದಳು. ಎಂಜಲೆಲೆ ತುಳಿದಂತೆ ಅನ್ನಿಸಿತು. ಆದರೂ ಕೇಳಿದಳು: "ಪದ ಕೇಳ್ಸುತ್ತೆ ತಾನೆ?"

"ಕೇಳಿಸುತ್ತೆ," ಎಂದ ಅವನು, ಮೊಬೈಲಿನಿಂದ ಕಣ್ಣೆತ್ತದೆ.

ಆ ಒಂದು ಮಾತಿಗಾಗಿ ಅವಳು ದೊಡ್ಡಉಳ್ಳಾರ್ತಿಯಿಂದ ಚಳ್ಳಕೆರೆಗೆ ಬಂದಿದ್ದಳು. ಹೆಂಗಸರು ಹಾಡುವ ಹಳೆಯ ಪದಗಳೆಲ್ಲ ಮರೆತುಹೋಗುತ್ತಿವೆ, ಹಿಡಿದಿಡುತ್ತೇನೆ ಎಂದು ಶಶಿಕಾಂತ್ ಊರಿಗೆ ಬಂದಾಗ ಮನೆಯ ಬಾಗಿಲು ತೆರೆದವಳು ಅವಳೇ. ಮನೆಯಲ್ಲಿ ಕಾಲಿಡಲು ಜಾಗವಿಲ್ಲದ ಆ ದಿನವೂ ಕ್ಯಾಮೆರಾ ಆಚೆ ಇಡು ಎಂದಿರಲಿಲ್ಲ. ಆ ದಿನ ಅವಳು ಹಾಡಿದ್ದು ಅವ್ವನ ಬಾಯಿಂದ ಕೇಳಿ ಕಲಿತ ಪದ. ಅವರ ಮನೆತನದ ಕಟ್ಟಳೆಯಂತೆ ಹೆತ್ತವಳು ಅದನ್ನು ಒಬ್ಬ ಮಗಳಿಗೆ ಒಂದೇ ಸಲ ಹೇಳಬೇಕು. ಮತ್ತೆ ಗುನುಗುವಂತೆಯೂ ಇಲ್ಲ. ಬೋರಕ್ಕನಿಗೆ ಒಬ್ಬಳೇ ಮಗಳು. ಇನ್ನು ಆ ಪದ ಉಳಿದಿದ್ದರೆ ಆ ಸಿನಿಮಾದಲ್ಲೇ.

ಅವಳು ಸೀರೆ ಬದಲಾಯಿಸಿ ಬಂದಳು. ಶಶಿಕಾಂತ್ ತೃಪ್ತಿಯಿಂದ ತಲೆಯಾಡಿಸಿದ.

"ಹಿಂದಿನ ಸಲ ಸುಗ್ಗಿ ಮೇಲೆ ಸಿನಿಮಾ ಮಾಡಿದ್ದೆ ಬೋರಕ್ಕಾ. ಎಲ್ಲರೂ ನಗ್ತಾ ಇದ್ರು. ಮೊದಲ ಸುತ್ತಿನಲ್ಲೇ ಹೊರಗೆ ಹಾಕಿದ್ರು."

"ನಗೋದು ತಪ್ಪೇನಪ್ಪ?"

"ತಪ್ಪಲ್ಲ. ಪ್ರಶಸ್ತಿ ಬರಲ್ಲ, ಅಷ್ಟೇ."

ಚಿತ್ರೋತ್ಸವ ನಡೆಯುತ್ತಿದ್ದ ಕಲ್ಯಾಣ ಮಂಟಪ ತುಂಬಿತ್ತು. ಹೆಚ್ಚಿನವರು ಅದಕ್ಕಾಗಿ ದೂರದಿಂದ ಬಂದವರು. ಖಾದಿ ಜುಬ್ಬಾ, ದೊಡ್ಡ ಕುಂಕುಮ, ಹೆಗಲಿಗೆ ಚೀಲ. ಮುಂದಿನ ಸಾಲಿನಲ್ಲಿ ಬೋರಕ್ಕ ತನ್ನ ಪಕ್ಕದ ಕುರ್ಚಿಯ ಮೇಲೆ ಕೈಯಿಟ್ಟುಕೊಂಡೇ ಕೂತಳು. ಯಾರನ್ನೂ ಕೂರಗೊಡಲಿಲ್ಲ. ಒಬ್ಬ ಫೋಟೋದವನು ಮಂಡಿಯೂರಿ ಅವಳನ್ನೂ ಆ ಖಾಲಿ ಕುರ್ಚಿಯನ್ನೂ ಸೇರಿಸಿ ಫೋಟೋ ತೆಗೆದ. ತೆಗೆದು ಕಣ್ಣೊರೆಸಿಕೊಂಡ.

ದೀಪ ಆರಿತು. 'ಖಾಲಿ ಹೊಸ್ತಿಲು' ಶುರುವಾಯಿತು.

ಬಣ್ಣವಿಲ್ಲ. ಬೂದಿ ಬಳಿದಂಥ ಊರು. ಬೋರಕ್ಕ ಮಗಳ ಮುಖವನ್ನು ಎದೆಗೊತ್ತಿಕೊಂಡು ಅಳುತ್ತಿದ್ದಾಳೆ. ಮಗಳ ಕಣ್ಣು ಮುಚ್ಚಿದೆ. ಸುತ್ತಲ ಹೆಂಗಸರ ಕೈಗಳು ತಾಯಿಯನ್ನು ಬಿಡಿಸಿ ಎಳೆಯುತ್ತಿವೆ. ಒಂದು ಬಿಳಿ ಗಾಡಿ ಉಳ್ಳಾರ್ತಿ ಕಾವಲಿನ ಹುಲ್ಲು ಬಯಲಿನ ನಡುವೆ ಧೂಳೆಬ್ಬಿಸುತ್ತ ದೂರವಾಗುತ್ತದೆ. ಕೊನೆಗೆ ಹೊಸ್ತಿಲು. ಹೊಸ್ತಿಲೇ, ತುಂಬ ಹೊತ್ತು.

ಬೋರಕ್ಕನ ಬಾಯಿ ತೆರೆ ತುಂಬ ಅಗಲವಾಗಿ ತೆರೆದಿತ್ತು. ಪದ ಮಾತ್ರ ಇರಲಿಲ್ಲ. ಅದರ ಜಾಗದಲ್ಲಿ ಎಲ್ಲಿಯದೋ ಒಂದು ಪಿಟೀಲು ಕೊಯ್ಯುತ್ತಿತ್ತು.

ಅವಳು ಇನ್ನೊಂದು ಪಕ್ಕದಲ್ಲಿ ಕೂತಿದ್ದ ಶಶಿಕಾಂತನ ತೋಳು ಜಗ್ಗಿದಳು. "ಎಲ್ಲಿ ನನ್ನ ಪದ?"

"ಮಾತಿದ್ದರೆ ಭಾವ ಹೋಗುತ್ತೆ," ಎಂದು ಶಶಿಕಾಂತ್ ಪಿಸುಗುಟ್ಟಿದ. "ದಯವಿಟ್ಟು ಸುಮ್ಮನಿರಿ. ವೇದಿಕೆ ಮೇಲೆ ಒಂದು ಮಾತೂ ಆಡಬೇಡಿ."

ಸಭೆಯ ಹಿಂಭಾಗದಲ್ಲಿ, ಊಟ ಬಡಿಸಲು ಬಂದಿದ್ದ ಬೋರಕ್ಕನ ಊರಿನ ಹೆಂಗಸರಿಬ್ಬರು ಬಾಯಿಗೆ ಸೆರಗು ಅಡ್ಡ ಹಿಡಿದಿದ್ದರು. ಅವರ ಭುಜ ಕುಲುಕುತ್ತಿತ್ತು. ಶಶಿಕಾಂತ್ ಅದನ್ನೂ ಗಮನಿಸಿ ಧನ್ಯನಾದ.

ತೀರ್ಪುಗಾರರ ಅಧ್ಯಕ್ಷ ಮರುಳಪ್ಪನವರು ಬೋರಕ್ಕನನ್ನೂ ಶಶಿಕಾಂತನನ್ನೂ ವೇದಿಕೆಗೆ ಕರೆದರು. ಗಂಟಲು ಸರಿಪಡಿಸಿಕೊಂಡು ಮಾತಿಗೆ ನಿಂತರು.

"ಈ ಸಲ ಬಂದ ಚಿತ್ರಗಳಲ್ಲಿ ಹಾಡು, ಹಾಸ್ಯ, ಹಬ್ಬ ಇದ್ದವನ್ನು ಮೊದಲೇ ಪಕ್ಕಕ್ಕಿಟ್ಟೆವು. ಕಲೆ ಇರುವುದು ನೋವಿನಲ್ಲಿ. ಈ ತಾಯಿ ಮಗಳನ್ನು ಕಳೆದುಕೊಂಡಳು. ಹಸಿವಿನಿಂದಲೋ, ಕಾಯಿಲೆಯಿಂದಲೋ? ಚಿತ್ರ ಹೇಳುವುದಿಲ್ಲ. ಅದೇ ಅದರ ದೊಡ್ಡತನ!"

ಚಪ್ಪಾಳೆ ಬಿತ್ತು. ಬೋರಕ್ಕನ ಮುಖ ಬಿಳಿಚಿತು. ಅವಳು ಶಶಿಕಾಂತನ ಕಡೆ ತಿರುಗಿದಳು.

"ಏನಪ್ಪ ಇದು? ಇವರಿಗೆ ಏನಂತ ಹೇಳಿದ್ದೀಯ?"

"ನಾನೇನೂ ಹೇಳಲಿಲ್ಲ. ಅವರೇ ಅರ್ಥ ಮಾಡಿಕೊಂಡರು."

"ಥೂ! ಆವತ್ತು ನನ್ನ ಮನೇಲಿ ಉಂಡು ಹೋದೋನು ನೀನು."

ಪ್ರಶಸ್ತಿಯ ಫಲಕ ಅವಳ ಕೈಗೆ ಬಂತು. ಅವಳು ಅದನ್ನು ಒದ್ದೆ ಬಟ್ಟೆಯಂತೆ ಶಶಿಕಾಂತನ ತೋಳಿಗೆ ಹಾಕಿ ಮೈಕಿನ ಹತ್ತಿರ ಹೋದಳು.

"ನನಗೆ ಇದು ಬ್ಯಾಡ. ನನ್ನ ಪದ ಹಾಕ್ರಿ. ಎಲ್ಲರೂ ಕೇಳಲಿ, ಆಮ್ಯಾಲೆ ಮಾತಾಡ್ರಿ."

ಮರುಳಪ್ಪನವರಿಗೆ ಕಣ್ಣು ತುಂಬಿತು. ಅವಳ ಹೆಗಲ ಮೇಲಿಂದ ಮೈಕಿಗೆ ಬಾಗಿದರು. "ನೋಡಿ, ದುಃಖ ಇನ್ನೂ ಆರಿಲ್ಲ. ಆ ಮಗಳಿಗಾಗಿ ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸೋಣ."

ಕುರ್ಚಿಗಳು ಸದ್ದು ಮಾಡಿ ಸುಮ್ಮನಾದವು. ಸಭೆಗೆ ಸಭೆಯೇ ತಲೆ ತಗ್ಗಿಸಿತು. ಬೋರಕ್ಕ ಮಾತ್ರ ತಲೆಯೆತ್ತಿ ಬಾಗಿಲ ಕಡೆ ನೋಡುತ್ತ ನಿಂತಳು.

ಬಾಗಿಲು ಕಿರುಗುಟ್ಟಿತು. ಮೊಳಕಾಲ್ಮೂರಿನ ಬಸ್ಸಿಳಿದು ಏದುಸಿರು ಬಿಡುತ್ತ ಬಂದ ತುಂಬು ಬಸುರಿಯೊಬ್ಬಳು, ಗಂಡನ ಕೈ ಹಿಡಿದು ಒಳಗೆ ಕಾಲಿಟ್ಟು, ನಿಂತ ಜನವನ್ನೆಲ್ಲ ಕಂಡು ಗಾಬರಿಯಾಗಿ ಕೂಗಿದಳು: "ಯಾರು ತೀರ್ಕೊಂಡ್ರವ್ವಾ?"

"ಯಾರೂ ಇಲ್ಲ, ಬಾರೇ ರಶ್ಮಿತಾ," ಎಂದಳು ಬೋರಕ್ಕ, ಮೈಕಿನಲ್ಲೇ. "ಇವರು ನಿನ್ನ ಮದುವೆ ನೋಡಿ ಸೂತಕ ಮಾಡ್ತಾವ್ರೆ."